ಒಂದೇ ಮತ, ಮೂರು ಪ್ರಶ್ನೆ: ಸರ್ಕಾರದ ಖರ್ಚು ಜನರ ಇಷ್ಟವೇ?

ಸರ್ಕಾರದ ಖರ್ಚು ಜನರ ಇಷ್ಟದಂತೆಯೇ ಇರುತ್ತದಾ ಅಂತ ಪಾಠದಲ್ಲಿ ಪ್ರಶ್ನೆ ಬಂದರೆ, ಜನ ಆರಿಸಿದ ಸರ್ಕಾರ, ಹಾಗಾಗಿ ಅದರ ಖರ್ಚೂ ಜನರ ಇಷ್ಟದಂತೆಯೇ ಇರುತ್ತದೆ ಅಂತ ಸುಮ್ನೆ ಬರೆದು ಮುಗಿಸಬೇಡಿ. ಮೊದಲು ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿ.

ಐದು ಮತದಾರರು, ಎರಡು ಪಕ್ಷ. ರಸ್ತೆ, ಶಾಲೆ, ಆಸ್ಪತ್ರೆ ಮೂರಕ್ಕೂ ಖರ್ಚು ಹೆಚ್ಚಿಸುತ್ತೇವೆ ಅನ್ನುತ್ತದೆ 'ಅ' ಪಕ್ಷ. ಈಗಿರುವಷ್ಟೇ ಸಾಕು ಅನ್ನುತ್ತದೆ 'ಬ' ಪಕ್ಷ. ಮೊದಲನೆಯವರಿಗೆ ರಸ್ತೆ, ಶಾಲೆಗೆ ಜಾಸ್ತಿ ಬೇಕು. ಎರಡನೆಯವರಿಗೆ ರಸ್ತೆ, ಆಸ್ಪತ್ರೆಗೆ. ಮೂರನೆಯವರಿಗೆ ಶಾಲೆ, ಆಸ್ಪತ್ರೆಗೆ. ಉಳಿದಿಬ್ಬರಿಗೆ ಯಾವುದಕ್ಕೂ ಬೇಡ.

ಮೊದಲ ಮೂವರೂ ಮೂರರಲ್ಲಿ ಎರಡು ವಿಷಯಕ್ಕೆ 'ಅ' ಪಕ್ಷವನ್ನು ಒಪ್ಪುತ್ತಾರೆ. ಮತವೂ ಅದಕ್ಕೇ. 3-2ರಿಂದ 'ಅ' ಗೆದ್ದಿತು. ಈಗ ಒಂದೊಂದೇ ವಿಷಯ ಕೇಳಿ. ರಸ್ತೆಗೆ ಹೆಚ್ಚು ಬೇಕು ಅನ್ನುವವರು ಇಬ್ಬರು, ಬೇಡ ಅನ್ನುವವರು ಮೂವರು. ಶಾಲೆಗೂ ಹಾಗೇ, ಆಸ್ಪತ್ರೆಗೂ ಹಾಗೇ! ಯಾರೂ ಮೋಸ ಮಾಡಿಲ್ಲ. ಆದರೂ ಮೂರೂ ಖರ್ಚು ಬಹುಮತಕ್ಕೆ ಬೇಡವಾದವು. ಇದನ್ನು ರಾಜಕೀಯ ಚಿಂತಕ ಆಸ್ಟ್ರೊಗೊರ್ಸ್ಕಿಯ ಹೆಸರಿನಲ್ಲಿ ಆಸ್ಟ್ರೊಗೊರ್ಸ್ಕಿ ವಿರೋಧಾಭಾಸ ಅನ್ನುತ್ತಾರೆ. ಈ ಪಾಠದಲ್ಲಿ ನನ್ನನ್ನು ತುಂಬಾ ಕಾಡಿದ್ದು ಇದೇ.

1948ರಲ್ಲಿ ಅರ್ಥಶಾಸ್ತ್ರಜ್ಞ ಡಂಕನ್ ಬ್ಲ್ಯಾಕ್ ಹೇಳಿದ ನಡುವಿನ ಮತದಾರನ ಸಿದ್ಧಾಂತ ಓದಿದ್ದೀರಲ್ವಾ? ಕಡಿಮೆ ಬೇಕು ಅನ್ನುವವರಿಂದ ಹೆಚ್ಚು ಬೇಕು ಅನ್ನುವವರವರೆಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ, ಬಹುಮತದ ತೀರ್ಮಾನ ಸರಿಯಾಗಿ ನಡುವೆ ನಿಂತವನ ಇಷ್ಟಕ್ಕೆ ಬಂದು ನಿಲ್ಲುತ್ತದೆ ಅನ್ನುವುದು ಅದರ ಸಾರ. ಆದರೆ 'ಕಡಿಮೆಯಿಂದ ಹೆಚ್ಚಿಗೆ' ಅಂತ ಒಂದೇ ಗೆರೆಯ ಮೇಲೆ ಇಡಬಹುದಾದ ಪ್ರಶ್ನೆಗೆ ಮಾತ್ರ ಅದು ಸಲ್ಲುತ್ತದೆ. ಬಜೆಟ್ಟಿನಲ್ಲಿ ಇಂಥ ಗೆರೆಗಳು ನೂರಾರು.

ಖರ್ಚು ಜನರ ಇಷ್ಟದಂತೆ ಇರದಿರಲು ಇನ್ನೊಂದು ಕಾರಣ ಅರ್ಥಶಾಸ್ತ್ರಜ್ಞ ಮ್ಯಾನ್ಕರ್ ಓಲ್ಸನ್ 1965ರಲ್ಲಿ ವಿವರಿಸಿದ್ದು. ಒಂದು ಸಬ್ಸಿಡಿಯಿಂದ ಕೆಲವರಿಗೆ ದೊಡ್ಡ ಲಾಭ ಸಿಗುತ್ತದೆ, ಅವರು ಒಗ್ಗಟ್ಟಾಗಿ ಒತ್ತಡ ಹಾಕುತ್ತಾರೆ. ಅದರ ಹೊರೆ ಕೋಟ್ಯಂತರ ಜನರ ಮೇಲೆ ಚೂರುಚೂರಾಗಿ ಬೀಳುತ್ತದೆ. ಆ ಚೂರಿಗಾಗಿ ಯಾರು ಬೀದಿಗಿಳಿಯುತ್ತಾರೆ? ಜನ ಸುಮ್ಮನಿದ್ದಾರೆ ಅಂದರೆ ಒಪ್ಪಿದ್ದಾರೆ ಅಂತ ಓದುವುದು ತಪ್ಪು ಅಂತ ನನಗನಿಸುತ್ತದೆ.

ಪಕ್ಷಗಳು ಎಲ್ಲವನ್ನೂ ಒಟ್ಟಿಗೆ ಕಟ್ಟಿ ಕೊಡುವ ಪ್ಯಾಕೇಜನ್ನೇ ಬಿಚ್ಚಿ, ಒಂದೊಂದೇ ವಿಷಯ ಜನರನ್ನು ಕೇಳಬಹುದಲ್ವಾ? ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಅದನ್ನೇ ಶುರು ಮಾಡಿತು. ಜನರೇ ಸಭೆ ಸೇರಿ, ಯಾವ ಕಾಮಗಾರಿ ಮೊದಲು ಆಗಬೇಕು ಅಂತ ಚರ್ಚಿಸಿ ಮತ ಹಾಕಿದರು. ಆದರೆ ಅವರ ಕೈಗೆ ಮುಖ್ಯವಾಗಿ ಸಿಕ್ಕಿದ್ದು ಹೊಸ ಕಾಮಗಾರಿಗಳ ಹಣ. ಸಂಬಳ, ಹಳೇ ಸಾಲದ ಬಡ್ಡಿಯಂಥ ಖರ್ಚುಗಳು ಅದಕ್ಕೂ ಮೊದಲೇ ಬಜೆಟ್ಟಿನಲ್ಲಿ ಕೂತಿರುತ್ತವೆ.