ಮನೆಯಲ್ಲಿ ಮಾಲ್ಟ್, ರಂಗದ ಮೇಲೆ ಹಸಿವು: ‘ಕೊರಿಯೊಲೇನಸ್’ ನಾಟಕ ಹುಟ್ಟಿದ ಕಾಲ

1598ರ ಫೆಬ್ರವರಿ 4ರಂದು ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್ ಊರಿನಲ್ಲಿ ಒಂದು ಪಟ್ಟಿ ತಯಾರಾಯಿತು. ಯಾರ ಮನೆಯಲ್ಲಿ ಎಷ್ಟು ಧಾನ್ಯ, ಎಷ್ಟು ಮಾಲ್ಟ್ ಇದೆ ಅನ್ನೋ ಲೆಕ್ಕ ಅದು. ಚಾಪೆಲ್ ಸ್ಟ್ರೀಟ್ ವಾರ್ಡಿನವರ ಸಾಲಿನಲ್ಲಿ ವಿಲಿಯಂ ಶೇಕ್ಸ್‌ಪಿಯರ್ ಹೆಸರಿದೆ. ಅವನ ಮನೆಯಲ್ಲಿದ್ದದ್ದು 10 ಕ್ವಾರ್ಟರ್ ಮಾಲ್ಟ್. ಅಂದರೆ 80 ಬುಷೆಲ್, ಈಗಿನ ಅಳತೆಯಲ್ಲಿ ಹತ್ತಿರ ಹತ್ತಿರ 2,800 ಲೀಟರ್.

ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಬಿಯರ್ ತಯಾರಿಕೆಗೆ ಬೇಕಾದದ್ದು. ಸ್ಟ್ರಾಟ್‌ಫರ್ಡ್‌ನ ಮುಖ್ಯ ಕಸುಬೇ ಅದು. ಶಾಲೆಯ ಮೇಷ್ಟ್ರು, ಚರ್ಚಿನ ಪಾದ್ರಿ ಕೂಡ ಆ ಪಟ್ಟಿಯಲ್ಲಿದ್ದರು. ಹಾಗಾಗಿ ಶೇಕ್ಸ್‌ಪಿಯರ್ ಒಬ್ಬನನ್ನೇ ಹಿಡಿದು ಕಾಳಸಂತೆಯವನು ಅನ್ನೋದು ಸರಿಯಲ್ಲ. ಆದರೆ ಆ ಕಾಲ ಎಂಥದ್ದು ಅಂತ ನೋಡಬೇಕು. 1594ರಿಂದ ಸಾಲಾಗಿ ಮೂರು ನಾಲ್ಕು ವರ್ಷ ಬೆಳೆ ಕೈಕೊಟ್ಟಿತ್ತು. ಊರಿಗೆ ಎರಡು ಸಲ ದೊಡ್ಡ ಬೆಂಕಿ ಬಿದ್ದಿತ್ತು. ಧಾನ್ಯದ ಬೆಲೆ ಬಡವರ ಕೈಗೆ ಸಿಗದಷ್ಟು ಏರಿತ್ತು.

ಪಟ್ಟಿಗೆ ಹನ್ನೊಂದು ದಿನ ಮೊದಲು ಊರಿನ ಏಬ್ರಹಾಂ ಸ್ಟರ್ಲಿ ಎಂಬಾತ ಲಂಡನ್‌ನಲ್ಲಿದ್ದ ಗೆಳೆಯ ರಿಚರ್ಡ್ ಕ್ವಿನಿಗೆ ಕಾಗದ ಬರೆದ. ಜನ ಗುಂಪುಕಟ್ಟಿಕೊಂಡು ಆ ಭಾಗದ ದೊಡ್ಡ ಜಮೀನ್ದಾರ ಸರ್ ಥಾಮಸ್ ಲೂಸಿಯ ಹತ್ತಿರ ಮಾಲ್ಟ್ ವ್ಯಾಪಾರಿಗಳ ಮೇಲೆ ದೂರು ಹೇಳೋಕೆ ಹೋಗಿದ್ದರಂತೆ. ಮಾಲ್ಟ್‌ನವರನ್ನು ಅವರವರ ಮನೆ ಬಾಗಿಲಲ್ಲೇ ನೇಣಿಗೆ ಹಾಕುವುದನ್ನು ನೋಡಬೇಕು ಅಂತ ಒಬ್ಬ ಆಸೆಪಟ್ಟಿದ್ದನಂತೆ. ಶೇಕ್ಸ್‌ಪಿಯರ್ ಇದಕ್ಕೆ ಹಿಂದಿನ ವರ್ಷವಷ್ಟೇ, 1597ರಲ್ಲಿ, ನ್ಯೂ ಪ್ಲೇಸ್ ಎಂಬ ದೊಡ್ಡ ಮನೆ ಕೊಂಡಿದ್ದ. ಆ ಬೈಗುಳ ಬಿದ್ದದ್ದು ಅವನಂಥವರ ಬಾಗಿಲಿಗೇ.

ಇದಾಗಿ ಹತ್ತು ವರ್ಷದ ಮೇಲೆ ಅದೇ ಮನುಷ್ಯ ಒಂದು ನಾಟಕ ಬರೆದ. ಶುರುವಾಗೋದೇ ದೊಣ್ಣೆ, ಆಯುಧ ಹಿಡಿದ ಹಸಿದ ಜನರಿಂದ. ಶ್ರೀಮಂತರ ಕಣಜ ತುಂಬಿ ತುಳುಕುತ್ತಿದೆ, ನಾವು ಉಪವಾಸ ಸಾಯುತ್ತಿದ್ದೇವೆ ಅಂತ ಅವರು ಕೂಗುತ್ತಾರೆ. ಅದೇ ‘ಕೊರಿಯೊಲೇನಸ್’.

ಕಥೆ ರೋಮಿನದು, ಅದೂ ಬಹಳ ಹಳೆಯದು. ಸೀಸರ್‌ಗಿಂತ ನಾನೂರು ವರ್ಷಕ್ಕೂ ಹಿಂದೆ ರೋಮ್ ಸಾಮ್ರಾಜ್ಯವಾಗಿರಲಿಲ್ಲ. ರಾಜರನ್ನು ಓಡಿಸಿ ಹೊಸದಾಗಿ ಗಣರಾಜ್ಯವಾಗಿದ್ದ, ಅಕ್ಕಪಕ್ಕದವರ ಜೊತೆ ಸದಾ ಜಗಳದಲ್ಲಿದ್ದ ಪಟ್ಟಣ. ಅಧಿಕಾರವೆಲ್ಲ ಪೆಟ್ರೀಷಿಯನ್ ಮನೆತನಗಳ ಕೈಯಲ್ಲಿತ್ತು. ಉಳಿದವರು ಪ್ಲೆಬಿಯನ್ನರು. ಇವರು ಯುದ್ಧಕ್ಕೆ ಹೋಗಬೇಕು, ಬಂದ ಮೇಲೆ ಸಾಲ ತೀರಿಸಬೇಕು, ತೀರಿಸಲಾಗದಿದ್ದರೆ ಸಾಲ ಕೊಟ್ಟವನ ಮನೆಯಲ್ಲಿ ಜೀತ. ಕ್ರಿ.ಪೂ. 494ರಲ್ಲಿ ಅವರು ರೋಸಿಹೋಗಿ ಊರು ಬಿಟ್ಟು ಒಂದು ಗುಡ್ಡದ ಮೇಲೆ ಹೋಗಿ ಕೂತರು. ಅವರನ್ನು ಸಮಾಧಾನ ಮಾಡೋಕೆ ಹೋದವನು ಮೆನೇನಿಯಸ್ ಅಗ್ರಿಪ್ಪ. ಅವನು ಹೇಳಿದ್ದು ಹೊಟ್ಟೆಯ ಕಥೆ. ಕೈಕಾಲು, ಬಾಯಿ ಎಲ್ಲ ಸೇರಿ, ಈ ಹೊಟ್ಟೆ ಸುಮ್ನೆ ಕೂತು ತಿನ್ನುತ್ತೆ ಅಂತ ಮುಷ್ಕರ ಹೂಡಿದವಂತೆ. ಕೊನೆಗೆ ಎಲ್ಲ ಅಂಗಗಳೂ ಸೊರಗಿದವಂತೆ. ಜನ ಊರಿಗೆ ವಾಪಸ್ ಬಂದರು. ಬರೀ ಕಥೆ ಕೇಳಿ ಬಂದದ್ದಲ್ಲ. ತಮ್ಮ ಪರವಾಗಿ ನಿಲ್ಲುವ ಟ್ರಿಬ್ಯೂನ್ ಎಂಬ ಅಧಿಕಾರಿಗಳನ್ನು ಪಡೆದುಕೊಂಡು ಬಂದರು.

ಮರುವರ್ಷ ನೆರೆಯ ಶತ್ರುಗಳಾದ ವೋಲ್ಸಿಯನ್ನರ ಕೊರಿಯೊಲಿ ಪಟ್ಟಣವನ್ನು ಗೆಲ್ಲುವಲ್ಲಿ ಗಾಯಸ್ ಮಾರ್ಸಿಯಸ್ ಎಂಬ ಪೆಟ್ರೀಷಿಯನ್ ಮುಂದಿದ್ದ. ಕೊರಿಯೊಲೇನಸ್ ಅನ್ನೋ ಬಿರುದು ಬಂದದ್ದು ಅದರಿಂದ. ಆಮೇಲೆ ರೋಮಿಗೆ ಬರ ಬಂತು. ಸಿಸಿಲಿಯಿಂದ ಧಾನ್ಯ ತರಿಸಿದರು. ಅದನ್ನು ಕಡಿಮೆ ಬೆಲೆಗೆ ಕೊಡಬೇಕಾದರೆ ಟ್ರಿಬ್ಯೂನ್ ಪದವಿ ಬಿಟ್ಟುಕೊಡಲಿ ಅಂದ ಮಾರ್ಸಿಯಸ್. ಹಸಿದವನ ತಟ್ಟೆ ಹಿಡಿದು ಚೌಕಾಶಿ! ಜನ ಅವನನ್ನು ಗಡೀಪಾರು ಮಾಡಿದರು. ಅವನು ನೇರ ಶತ್ರುಗಳ ಜೊತೆ ಸೇರಿ ರೋಮಿನ ಮೇಲೇ ದಂಡೆತ್ತಿ ಬಂದ. ತಾಯಿ, ಹೆಂಡತಿ, ಮಕ್ಕಳು ಬಂದು ಬೇಡಿಕೊಂಡಾಗ ಹಿಂದೆ ಸರಿದ.

ಇದರಲ್ಲಿ ಎಷ್ಟು ನಿಜ? ರೋಮಿನ ಇತಿಹಾಸಕಾರ ಲಿವಿ ಇದನ್ನು ಬರೆದದ್ದು ನಾಲ್ಕು ಶತಮಾನಗಳ ಮೇಲೆ, ಗ್ರೀಕ್ ಲೇಖಕ ಪ್ಲುಟಾರ್ಕ್ ಸುಮಾರು ಆರು ಶತಮಾನಗಳ ಮೇಲೆ. ತಾಯಿಯ ಹೆಸರಲ್ಲೇ ಅವರಿಬ್ಬರಿಗೆ ಹೊಂದಾಣಿಕೆ ಇಲ್ಲ. ಲಿವಿಯಲ್ಲಿ ತಾಯಿ ವೆಟೂರಿಯಾ, ಹೆಂಡತಿ ವೊಲಮ್ನಿಯಾ. ಪ್ಲುಟಾರ್ಕ್‌ನಲ್ಲಿ ವೊಲಮ್ನಿಯಾನೇ ತಾಯಿ, ಹೆಂಡತಿ ವರ್ಜೀಲಿಯಾ. ಮಾರ್ಸಿಯಸ್‌ನನ್ನು ವೋಲ್ಸಿಯನ್ನರೇ ಕೊಂದರು ಅನ್ನೋದು ಒಂದು ಕಥೆ. ದೇಶಾಂತರದಲ್ಲೇ ಮುದುಕನಾಗಿ ಬದುಕಿದ ಅಂತ ಇನ್ನೊಂದು. ಇಂಥ ವ್ಯಕ್ತಿ ಇದ್ದನೇ ಅನ್ನೋದನ್ನೇ ಅನುಮಾನಿಸುವ ಇತಿಹಾಸಕಾರರಿದ್ದಾರೆ. ಆದರೆ ಸಾಲ, ಬರ, ಧಾನ್ಯ, ಶ್ರೀಮಂತರ ಮತ್ತು ಬಡವರ ಕಿತ್ತಾಟ, ಇವು ಆ ಕಾಲದ ರೋಮಿನಲ್ಲಿ ಇದ್ದೇ ಇದ್ದವು ಅಂತ ಹೆಚ್ಚಿನವರು ಒಪ್ಪುತ್ತಾರೆ.

ಶೇಕ್ಸ್‌ಪಿಯರ್‌ಗೆ ಇದೆಲ್ಲ ಸಿಕ್ಕಿದ್ದು ಬಳಸು ದಾರಿಯಲ್ಲಿ. ಪ್ಲುಟಾರ್ಕ್ ಬರೆದದ್ದು ಗ್ರೀಕ್‌ನಲ್ಲಿ. ಅದನ್ನು ಜಾಕ್ ಅಮಿಯೊ ಫ್ರೆಂಚಿಗೆ ತಂದ. ಫ್ರೆಂಚಿನಿಂದ 1579ರಲ್ಲಿ ಇಂಗ್ಲಿಷಿಗೆ ತಂದವನು ಥಾಮಸ್ ನಾರ್ತ್. ನಾರ್ತ್‌ನ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡೇ ಬರೆದಿದ್ದಾನೆ ಅನ್ನೋದರಲ್ಲಿ ಸಂಶಯವಿಲ್ಲ. ತಾಯಿ ಬೇಡಿಕೊಳ್ಳುವ ದೊಡ್ಡ ಮಾತಿನಲ್ಲಿ ಅನೇಕ ಸಾಲು ನಾರ್ತ್‌ನ ಗದ್ಯವೇ, ಛಂದಸ್ಸಿಗೆ ಕೂರಿಸಿದ್ದಾನೆ ಅಷ್ಟೇ. ಹಾಗಾಗಿ ಅವನು ಎಲ್ಲಿ ಬದಲಾಯಿಸಿದ ಅನ್ನೋದು ಚೆನ್ನಾಗಿ ಕಾಣುತ್ತೆ.

ಮುಖ್ಯ ಬದಲಾವಣೆ ಮೊದಲ ದೃಶ್ಯದಲ್ಲೇ ಇದೆ. ಪ್ಲುಟಾರ್ಕ್‌ನಲ್ಲಿ ಜನ ಮೊದಲು ಎದ್ದದ್ದು ಸಾಲ, ಬಡ್ಡಿಯ ಕಾಟಕ್ಕೆ. ಧಾನ್ಯದ ಗಲಾಟೆ ಬಂದದ್ದು ಆಮೇಲೆ. ಶೇಕ್ಸ್‌ಪಿಯರ್ ಧಾನ್ಯವನ್ನು ಎಳೆದು ತಂದು ಮುಂದೆ ಇಟ್ಟ, ಬಡ್ಡಿಗೆ ಒಂದು ಸಾಲು ಉಳಿಸಿದ. ಮೆನೇನಿಯಸ್ ಇಲ್ಲಿ ಹೊಟ್ಟೆಯ ಕಥೆ ಶುರುಮಾಡಿದರೆ ಒಬ್ಬ ಪ್ರಜೆ ಮಧ್ಯೆ ಮಧ್ಯೆ ಬಾಯಿ ಹಾಕುತ್ತಾನೆ. ಸರಿ, ಹೊಟ್ಟೆ ಏನು ಉತ್ತರ ಕೊಟ್ಟಿತು, ಬೇಗ ಹೇಳಿ ಅಂತಾನೆ. ಮೆನೇನಿಯಸ್‌ಗೆ ರೇಗಿ ಅವನನ್ನು ಕಾಲಿನ ಹೆಬ್ಬೆರಳು ಅಂತ ಹಂಗಿಸುತ್ತಾನೆ. ಹಳೆಯ ಲೇಖಕರು ಜನ ಕಥೆಗೆ ಒಲಿದರು ಅಂತಾರೆ. ಇಲ್ಲಿ ಹಾಗಿಲ್ಲ. ಊರಿನ ಇನ್ನೊಂದು ಕಡೆ ಗಲಾಟೆ ಮಾಡಿದ ಗುಂಪಿಗೆ ಆಗಲೇ ಐದು ಜನ ಟ್ರಿಬ್ಯೂನರು ಸಿಕ್ಕಾಗಿದೆ!

ಆ ಸುದ್ದಿ ತರುವ ಮಾರ್ಸಿಯಸ್ ಜನರ ಗಾದೆಗಳನ್ನು ಆಡಿಕೊಳ್ಳುತ್ತಾನೆ. ಹಸಿವು ಕಲ್ಲುಗೋಡೆಯನ್ನೂ ಒಡೆಯುತ್ತೆ, ನಾಯಿಗೂ ಹೊಟ್ಟೆಗೆ ಬೇಕು, ದೇವರು ಧಾನ್ಯ ಕೊಟ್ಟದ್ದು ಶ್ರೀಮಂತರಿಗಷ್ಟೇ ಅಲ್ಲ ಅಂತ ಒದರುತ್ತಿದ್ದರು ಅಂತಾನೆ. ಆಡಿಕೊಳ್ಳೋಕೆ ಹೋಗಿ ಅವರ ವಾದವನ್ನು ತಾನೇ ಪೂರ್ತಿ ಹೇಳಿಬಿಡುತ್ತಾನೆ, ಅಲ್ವಾ?

ಹಸಿವನ್ನು ಹೀಗೆ ಮುಂದಕ್ಕೆ ತಂದದ್ದು ಯಾಕೆ ಅಂದರೆ, ಬಹುಪಾಲು ವಿದ್ವಾಂಸರು ಬೆರಳು ತೋರಿಸೋದು 1607ರ ಕಡೆಗೆ. ಆ ವರ್ಷ ನಾರ್ತಾಂಪ್ಟನ್‌ಶೈರ್, ಲೆಸ್ಟರ್‌ಶೈರ್, ಜೊತೆಗೆ ಶೇಕ್ಸ್‌ಪಿಯರ್‌ನ ಸ್ವಂತ ವಾರಿಕ್‌ಶೈರ್‌ನಲ್ಲಿ ರೈತರು ದಂಗೆ ಎದ್ದರು. ಉಣ್ಣೆಗೆ ಒಳ್ಳೆ ಬೆಲೆ ಇದ್ದದ್ದರಿಂದ ಭೂಮಾಲೀಕರು ಉಳುವ ಹೊಲಕ್ಕೂ ಊರಿನ ಗೋಮಾಳಕ್ಕೂ ಬೇಲಿ ಹಾಕಿ ಕುರಿ ಬಿಡುತ್ತಿದ್ದರು. ಜನ ಸಾವಿರಗಟ್ಟಲೆ ಸೇರಿ ಬೇಲಿ ಕಿತ್ತರು, ಕಂದಕ ಮುಚ್ಚಿದರು. ಅವರ ನಾಯಕ ಜಾನ್ ರೆನಾಲ್ಡ್ಸ್. ಸೊಂಟದ ಚೀಲದಲ್ಲಿ ನಿಮ್ಮನ್ನೆಲ್ಲ ಕಾಪಾಡುವ ವಸ್ತು ಇದೆ ಅನ್ನುತ್ತಿದ್ದ, ಅದಕ್ಕೇ ಅವನಿಗೆ ಕ್ಯಾಪ್ಟನ್ ಪೌಚ್ ಅಂತ ಹೆಸರು. ಹಿಡಿದು ಚೀಲ ಬಿಚ್ಚಿದಾಗ ಸಿಕ್ಕಿದ್ದು ಒಂದು ತುಂಡು ಚೀಸ್. ಅವನನ್ನು ಕೊಂದರು. ಜೂನ್ 8ರಂದು ನ್ಯೂಟನ್ ಎಂಬ ಹಳ್ಳಿಯಲ್ಲಿ ಸ್ಥಳೀಯ ಜಮೀನ್ದಾರರ ಪಡೆ ನಲವತ್ತು ಐವತ್ತು ಜನರನ್ನು ಕೊಂದಿತು. ಮುಂದಿನ ವರ್ಷ ಮತ್ತೆ ಧಾನ್ಯ ದುಬಾರಿ.

ನಾಟಕ ಬರೆದ ದಿನಾಂಕ ಎಲ್ಲೂ ದಾಖಲಾಗಿಲ್ಲ. ಮಾರ್ಸಿಯಸ್ ಜನರನ್ನು ಬೈಯುವಾಗ ಮಂಜುಗಡ್ಡೆಯ ಮೇಲಿನ ಕೆಂಡ ಅನ್ನೋ ಮಾತು ಬರುತ್ತೆ. 1607–08ರ ಚಳಿಗಾಲದಲ್ಲಿ ಥೇಮ್ಸ್ ನದಿ ಹೆಪ್ಪುಗಟ್ಟಿ, ಅದರ ಮೇಲೆ ಜನ ಬೆಂಕಿ ಹಾಕಿಕೊಂಡಿದ್ದರು. ಇಂಥ ಸುಳಿವುಗಳಿಂದ 1608ರ ಆಸುಪಾಸು ಅಂತ ಲೆಕ್ಕ ಹಾಕುತ್ತಾರೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಶೇಕ್ಸ್‌ಪಿಯರ್‌ನ ತಾಯಿ ಮೇರಿ ತೀರಿಕೊಂಡಳು. ನಾಟಕದ ತಾಯಿಗೂ ಇದಕ್ಕೂ ಗಂಟು ಹಾಕುವವರಿದ್ದಾರೆ. ನನಗೆ ಅದು ಸ್ವಲ್ಪ ಜಾಸ್ತಿಯೇ ಆಯಿತು ಅನಿಸುತ್ತೆ.

ಇನ್ನೊಂದು ಬದಲಾವಣೆ ನೋಡಿ. ಪ್ಲುಟಾರ್ಕ್‌ನ ಮಾರ್ಸಿಯಸ್ ಪದ್ಧತಿಯಂತೆ ಮೈಮೇಲಿನ ಯುದ್ಧದ ಗಾಯ ತೋರಿಸಿ, ಕಾನ್ಸಲ್ ಎಂಬ ದೊಡ್ಡ ಪದವಿಗೆ ಮತ ಕೇಳುತ್ತಾನೆ. ಶೇಕ್ಸ್‌ಪಿಯರ್‌ನ ಮಾರ್ಸಿಯಸ್‌ಗೆ ಅದು ಅಸಹ್ಯ. ಜನರ ಮುಂದೆ ಕೈಚಾಚುವುದಕ್ಕಿಂತ ಉಪವಾಸ ಸಾಯೋದೇ ಮೇಲು ಅಂತಾನೆ. ನಿಜವಾಗಿ ಉಪವಾಸ ಇದ್ದವರ ಊರಿನಲ್ಲಿ ಆಡುವ ಮಾತೇ ಇದು? ಆದರೂ ಅವನನ್ನು ಪೂರ್ತಿ ಖಳನಾಗಲು ಬಿಟ್ಟಿಲ್ಲ. ನಾರ್ತ್‌ನಲ್ಲಿ ಅವನು ತಾಯಿಯ ಕೈ ಹಿಡಿದುಕೊಂಡೇ ಮಾತಾಡುತ್ತಾನೆ. ನಾಟಕದಲ್ಲಿ ಮೊದಲು ಕೈ ಹಿಡಿಯುತ್ತಾನೆ, ಮಾತಿಲ್ಲ. ಹಾಗಂತ ರಂಗಸೂಚನೆಯೇ ಇದೆ. ಟ್ರಿಬ್ಯೂನರೂ ಸಾಚಾ ಅಲ್ಲ, ತಮ್ಮ ಕುರ್ಚಿಗಾಗಿ ಜನರನ್ನು ಎತ್ತಿಕಟ್ಟುವವರು.

ಅದಕ್ಕೇ ಈ ನಾಟಕವನ್ನು ಎರಡೂ ಕಡೆಯವರು ತಮ್ಮದು ಅಂದಿದ್ದಾರೆ. 1934ರ ಆರಂಭದಲ್ಲಿ ಪ್ಯಾರಿಸ್‌ನ ಕೊಮೆದಿ ಫ್ರಾಂಸೇಸ್‌ನಲ್ಲಿ ಇದು ನಡೆದಾಗ ಬಲಪಂಥೀಯರು ಜನವಿರೋಧಿ ಮಾತುಗಳಿಗೆ ಚಪ್ಪಾಳೆ ತಟ್ಟಿದರು, ಥಿಯೇಟರಿನಲ್ಲಿ ಗದ್ದಲವಾಯಿತು. 1950ರ ದಶಕದಲ್ಲಿ ಜರ್ಮನ್ ನಾಟಕಕಾರ ಬರ್ಟೋಲ್ಟ್ ಬ್ರೆಕ್ಟ್ ಇದೇ ನಾಟಕವನ್ನು ಪ್ಲೆಬಿಯನ್ನರ ಕಡೆಯಿಂದ ತಿದ್ದಿ ಬರೆಯಲು ಹೊರಟ.

ಹಾಗಾದರೆ ಶೇಕ್ಸ್‌ಪಿಯರ್ ಯಾರ ಕಡೆ? ಅವನ ಆಸ್ತಿ ನೋಡಿದರೆ ಉತ್ತರ ಸುಲಭ. 1602ರಲ್ಲಿ 107 ಎಕರೆ ಜಮೀನು ಕೊಂಡ. 1604ರಲ್ಲಿ ಮಾಲ್ಟ್ ಬಾಕಿ ಕೊಡದ ಫಿಲಿಪ್ ರೋಜರ್ಸ್ ಮೇಲೆ ಸುಮಾರು 35 ಶಿಲಿಂಗ್‌ಗೆ ದಾವೆ ಹೂಡಿದ. ಮರುವರ್ಷ 440 ಪೌಂಡ್ ಕೊಟ್ಟು ಊರ ಧಾನ್ಯದ ದಶಮಾಂಶ ತೆರಿಗೆಯಲ್ಲಿ ಪಾಲು ಪಡೆದ. ಬೆಳೆ ಚೆನ್ನಾಗಿ ಬಂದರೆ ಅವನಿಗೆ ಲಾಭ, ಹೊಲಕ್ಕೆ ಬೇಲಿ ಹಾಕಿ ಕುರಿ ಬಿಟ್ಟರೆ ನಷ್ಟ. 1614ರಲ್ಲಿ ಊರ ಪಕ್ಕದ ವೆಲ್ಕಂಬ್‌ನಲ್ಲಿ ಬೇಲಿ ಹಾಕುವ ಯೋಜನೆ ಬಂದಾಗ ಅವನು ಮಾಡಿದ್ದು ಇಷ್ಟೇ: ನಷ್ಟವಾದರೆ ತುಂಬಿಕೊಡಬೇಕು ಅಂತ ಯೋಜನೆಯ ಕಡೆಯವನಾದ ವಿಲಿಯಂ ರೆಪ್ಲಿಂಗ್‌ಹ್ಯಾಮ್ ಹತ್ತಿರ ಕರಾರು ಬರೆಸಿಕೊಂಡ. ಊರಿನ ಆಡಳಿತ ಯೋಜನೆಗೆ ವಿರುದ್ಧವಾಗಿತ್ತು. ಅವನು ಬಹಿರಂಗವಾಗಿ ಅವರ ಜೊತೆ ನಿಂತದ್ದಕ್ಕೆ ದಾಖಲೆಯಿಲ್ಲ.

ಮುಂದಿನ ಜನವರಿಯಲ್ಲಿ ಸ್ಟ್ರಾಟ್‌ಫರ್ಡ್ ಮತ್ತು ಬಿಷಪ್‌ಟನ್‌ನ ಹೆಂಗಸರು, ಮಕ್ಕಳು ಹೋಗಿ ಹೊಸ ಕಂದಕ ಮುಚ್ಚಿಹಾಕಿದರು. ಮಾರ್ಚಿನಲ್ಲಿ ವಾರಿಕ್‌ನ ನ್ಯಾಯಾಲಯವೂ ಬೇಲಿ ಹಾಕಬಾರದು ಅಂತ ಆದೇಶ ಕೊಟ್ಟಿತು.