ಕಳಿಸದೇ ಸಿಗುವ ಕೀಲಿ

ಫೋನಿನಿಂದ ಹೊರಟ ರೇಡಿಯೊ ಅಲೆ ವೈಫೈ ರೂಟರ್ ಮುಟ್ಟಿ ಅಲ್ಲೇ ನಿಲ್ಲುವುದಿಲ್ಲ. ಗೋಡೆ ದಾಟಿ ಪಕ್ಕದವರ ಕೋಣೆಗೂ ಹೋಗುತ್ತದೆ. ಆದ್ದರಿಂದಲೇ ವೈರ್‌ಲೆಸ್ ಮಾತಿಗೆ ಗೂಢಲಿಪಿಯ ಬೀಗ ಬೇಕು. ಬೀಗಕ್ಕೆ ಎರಡೂ ಕಡೆ ಒಂದೇ ಕೀಲಿ ಬೇಕು. ಆ ಕೀಲಿಯನ್ನೂ ಗಾಳಿಯಲ್ಲೇ ಕಳಿಸಿದರೆ ಕದ್ದು ಕೇಳುವವನಿಗೂ ಸಿಕ್ಕಂತಾಯಿತು, ಅಲ್ವಾ?

1976ರಲ್ಲಿ ಗೂಢಲಿಪಿ ತಜ್ಞರಾದ ಡಿಫಿ ಮತ್ತು ಹೆಲ್ಮನ್ ಇದಕ್ಕೆ ಗಣಿತದ ದಾರಿ ತೋರಿಸಿದರು. ಇಂದಿಗೂ ಅದು ಬಳಕೆಯಲ್ಲಿದೆ. ಆದರೆ ಪುಟ್ಟ ಬ್ಯಾಟರಿಯ ಸೆನ್ಸರ್‌ಗೆ ಆ ಲೆಕ್ಕ ಭಾರ. ಸಾಕಷ್ಟು ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದರೆ ಆ ಲೆಕ್ಕವನ್ನು ಬಿಡಿಸಬಲ್ಲದು ಎಂದು 1994ರಲ್ಲಿ ಗಣಿತಜ್ಞ ಪೀಟರ್ ಶೋರ್ ತೋರಿಸಿದ್ದಾರೆ.

ಇನ್ನೊಂದು ದಾರಿಯೂ ಇದೆ. ನನಗೆ ಅದು ಜಾಸ್ತಿ ಇಷ್ಟ. ಕೀಲಿಯನ್ನು ಕಳಿಸುವುದೇ ಬೇಡ, ಎರಡೂ ಕಡೆ ತಾನಾಗಿ ಹುಟ್ಟಲಿ!

ಅಲೆ ನೇರವಾಗಿ ಮಾತ್ರ ಬರುವುದಿಲ್ಲ. ಗೋಡೆ, ಬೀರು, ಓಡಾಡುವ ಮನುಷ್ಯ, ಎಲ್ಲಕ್ಕೂ ಬಡಿದು ನೂರಾರು ದಾರಿಯಲ್ಲಿ ಬಂದು ಸೇರುತ್ತದೆ. ಕೆಲವು ಒಂದಕ್ಕೊಂದು ಬಲ ಕೊಡುತ್ತವೆ, ಕೆಲವು ಒಂದನ್ನೊಂದು ಅಳಿಸುತ್ತವೆ. ಹಾಗಾಗಿ ಸಿಗ್ನಲ್ ಏರುತ್ತಾ ಇಳಿಯುತ್ತಾ ಇರುತ್ತದೆ. ಸೊಗಸು ಇರುವುದು ಇಲ್ಲಿ: ಹೋಗುವ ಅಲೆಗೂ ಬರುವ ಅಲೆಗೂ ದಾರಿ ಒಂದೇ. ಒಂದೇ ಫ್ರೀಕ್ವೆನ್ಸಿಯಲ್ಲಿ, ಕ್ಷಣದ ಅಂತರದಲ್ಲಿ ಅಳೆದರೆ ಎರಡೂ ಸಾಧನಗಳಿಗೆ ಹೆಚ್ಚುಕಡಿಮೆ ಅದೇ ಏರಿಳಿತ ಕಾಣುತ್ತದೆ. ಸರಾಸರಿಗಿಂತ ಮೇಲಿದ್ದರೆ 1, ಕೆಳಗಿದ್ದರೆ 0 ಎಂದು ಬರೆದುಕೊಳ್ಳುತ್ತಾ ಹೋದರೆ ಸಾಕು, ಆ ಸಾಲೇ ಕೀಲಿಗೆ ಮೂಲ.

ಕದ್ದು ಕೇಳುವವನು ಬೇರೆ ಜಾಗದಲ್ಲಿರುತ್ತಾನೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಅದರ ಅರ್ಧದಷ್ಟು ದೂರ ಸರಿದರೂ ಏರಿಳಿತ ಪೂರ್ತಿ ಬೇರೆ ಎನ್ನುತ್ತದೆ ಸಿದ್ಧಾಂತ. ಅಲೆ ಎಲ್ಲ ದಿಕ್ಕಿನಿಂದಲೂ ಬಡಿದು ಬರುವ ಜಾಗಕ್ಕೆ ಮಾತ್ರ ಈ ಮಾತು ಸರಿ. ಬಯಲಲ್ಲಿ ಇದನ್ನು ನಂಬಿ ಕೂರುವಂತಿಲ್ಲ.

ಸಿಗ್ನಲ್ ಜೊತೆ ಬೆರೆಯುವ ಗದ್ದಲದಿಂದ ಕೆಲವು ಬಿಟ್‌ಗಳು, ಅಂದರೆ ಆ 0, 1ಗಳು, ಎರಡು ಕಡೆ ಬೇರೆಬೇರೆಯಾಗುತ್ತವೆ. ಸಾಧನಗಳು ಬಹಿರಂಗವಾಗಿಯೇ ಸುಳಿವು ಹಂಚಿಕೊಂಡು ಅವನ್ನು ತಿದ್ದಿಕೊಳ್ಳುತ್ತವೆ. ಸುಳಿವಿನಲ್ಲಿ ಸೋರಿದಷ್ಟು ಗುಟ್ಟನ್ನು ಕಳೆಯಲು ಬಿಟ್‌ಗಳನ್ನು ಕಲಸಿ ಚಿಕ್ಕದು ಮಾಡುತ್ತವೆ. ಎಲ್ಲರೆದುರು ಮಾತಾಡಿಯೂ ಗುಟ್ಟು ಉಳಿಸಬಹುದು ಎಂದು ಉಯೆಲಿ ಮೌರರ್ 1993ರಲ್ಲಿ ಗಣಿತದಿಂದ ಸಾಧಿಸಿದರು. ಅದೇ ವರ್ಷ ಆಲ್ಸ್‌ವೇಡೆ ಮತ್ತು ಚಿಸಾರ್ ಕೂಡ.

ಈ ವಿಧಾನಕ್ಕೆ ದೊಡ್ಡ ಶತ್ರು ನಿಶ್ಚಲತೆ. ಮುಚ್ಚಿದ ಕೋಣೆಯ ಗೋಡೆಗೆ ಅಂಟಿಸಿದ ಸೆನ್ಸರ್‌ಗೆ ಗಂಟೆಗಟ್ಟಲೆ ಒಂದೇ ಸಿಗ್ನಲ್. ಅದರಿಂದ ಹುಟ್ಟುವ ಕೀಲಿ ಊಹೆಗೆ ಸಿಗುತ್ತದೆ. ಅಂಥ ಕಡೆ ಆಕ್ರಮಣಕಾರ ಸುಮ್ನೆ ಎರಡು ಸಾಧನಗಳ ನಡುವೆ ಹಾದುಹೋದರೂ ಸಿಗ್ನಲ್ ಕುಸಿಯುತ್ತದೆ. ಯಾವಾಗ 0 ಬರಬೇಕು ಎಂದು ಅವನೇ ಬರೆಸಿದ ಹಾಗೆ! ಅಲೆಯನ್ನು ಬೇಕಾದಂತೆ ತಿರುಗಿಸುವ ಫಲಕಗಳನ್ನು ಗೋಡೆಗೆ ಹಾಕಿ, ದಾರಿಯನ್ನು ಆಗಾಗ ಕದಡುವ ಪ್ರಯೋಗಗಳು ಅದಕ್ಕಾಗಿಯೇ ನಡೆದಿವೆ.

ಇಷ್ಟಾದ ಮೇಲೂ ಆ ತುದಿಯಲ್ಲಿರುವುದು ಯಾರು ಎಂದು ಈ ಏರಿಳಿತ ಹೇಳುವುದಿಲ್ಲ. ಆ ಮೊದಲ ಗುರುತನ್ನು ಬೇರೆ ದಾರಿಯಲ್ಲೇ ಖಚಿತ ಮಾಡಿಕೊಳ್ಳಬೇಕು.