ಡಿಜಿಟಲ್ ಸ್ವಿಚ್‌ಓವರ್: ಟಿವಿ ಬದಲಾಯಿತು, ರೇಡಿಯೊ ಯಾಕೆ ಬದಲಾಗಲಿಲ್ಲ?

ರೇಡಿಯೊ, ಟಿವಿ ಕಾರ್ಯಕ್ರಮಗಳನ್ನು ಗಾಳಿಯಲ್ಲಿ ಕಳಿಸುವ ಹಳೆಯ ಅನಲಾಗ್ ಪದ್ಧತಿಯಿಂದ ಡಿಜಿಟಲ್ ಪದ್ಧತಿಗೆ ಹೋಗುವುದನ್ನು ಡಿಜಿಟಲ್ ಸ್ವಿಚ್‌ಓವರ್ ಎನ್ನುತ್ತಾರೆ. ಕೊನೆಯ ಅನಲಾಗ್ ಟ್ರಾನ್ಸ್‌ಮಿಟರನ್ನು ನಿಲ್ಲಿಸುವ ಘಟ್ಟಕ್ಕೆ ಅನಲಾಗ್ ಸ್ವಿಚ್‌ಆಫ್ ಎಂದು ಹೆಸರು. ಎರಡನ್ನೂ ಒಂದೇ ಅರ್ಥದಲ್ಲಿ ಬಳಸುವವರಿದ್ದಾರೆ. ಆದರೆ ಸಾಮಾನ್ಯವಾಗಿ ಸ್ವಿಚ್‌ಆಫ್‌ಗೆ ಮುಂಚೆ ಕೆಲವು ವರ್ಷ ಎರಡು ಬಗೆಯ ಪ್ರಸಾರವೂ ಜೊತೆಜೊತೆಯಾಗಿ ನಡೆದಿರುತ್ತದೆ.

ಚಿತ್ರ ಸ್ಪಷ್ಟವಾಗಿ ಕಾಣಲಿ, ದನಿ ಶುದ್ಧವಾಗಿ ಕೇಳಲಿ ಎಂದು ಈ ಬದಲಾವಣೆ ಮಾಡಿದರು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದು ಸುಳ್ಳಲ್ಲ, ಆದರೆ ಮುಖ್ಯ ಕಾರಣವೂ ಅಲ್ಲ. ನನ್ನ ಪ್ರಕಾರ ಇದು ಮೊದಲಿನಿಂದಲೂ ಜಾಗದ ಪ್ರಶ್ನೆ: ಗಾಳಿಯಲ್ಲಿರುವ ಸೀಮಿತ ತರಂಗಾಂತರಗಳನ್ನು ಯಾರು, ಎಷ್ಟು ಬಳಸಬೇಕು ಎಂಬ ಪ್ರಶ್ನೆ. ಟಿವಿ ಬೇಗ ಬದಲಾಗಿ ರೇಡಿಯೊ ಬಹುಪಾಲು ಎಫ್‌ಎಂನಲ್ಲೇ ಉಳಿದದ್ದು ಯಾಕೆ ಎನ್ನುವುದಕ್ಕೂ ಉತ್ತರ ಅಲ್ಲೇ ಇದೆ.

ಮೊದಲು ಅನಲಾಗ್ ಏನೆಂದು ನೋಡೋಣ. ಇಲ್ಲಿ ದನಿಯ ಏರಿಳಿತವನ್ನೇ ರೇಡಿಯೊ ಅಲೆ ಅನುಸರಿಸುತ್ತದೆ. ಎಎಂನಲ್ಲಿ ಅಲೆಯ ಎತ್ತರ ಹೆಚ್ಚುಕಡಿಮೆಯಾಗುತ್ತದೆ, ಎಫ್‌ಎಂನಲ್ಲಿ ಅಲೆಯ ಆವರ್ತನ. ಟಿವಿಯಲ್ಲಾದರೆ ಚಿತ್ರವನ್ನು ಸಾಲುಸಾಲಾಗಿ ಸೀಳಿ, ಪ್ರತಿ ಸಾಲಿನ ಬೆಳಕಿನ ಏರಿಳಿತವನ್ನು ಕಳಿಸುತ್ತಿದ್ದರು. ಹಲವು ದೇಶಗಳು ಬಳಸಿದ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಸಾಲು, ಸೆಕೆಂಡಿಗೆ 25 ಚಿತ್ರ. ಇದರ ತೊಂದರೆ ಏನೆಂದರೆ, ದಾರಿಯಲ್ಲಿ ಸೇರಿಕೊಂಡ ಗದ್ದಲವೂ ಒಂದು ಏರಿಳಿತವೇ. ಯಾವುದು ಚಿತ್ರ, ಯಾವುದು ಗದ್ದಲ ಎಂದು ಬೇರ್ಪಡಿಸುವುದು ಸೆಟ್ಟಿಗೆ ಸಾಧ್ಯವಿಲ್ಲ. ಸಂಕೇತ ದುರ್ಬಲವಾದಾಗ ಪರದೆಯ ತುಂಬ ಚುಕ್ಕೆಗಳು ಸುರಿಯುತ್ತಿದ್ದದ್ದು ಅದಕ್ಕೇ. ಬೆಟ್ಟಕ್ಕೋ ಕಟ್ಟಡಕ್ಕೋ ಬಡಿದು ತುಸು ತಡವಾಗಿ ಬಂದ ಅಲೆ, ಮೂಲ ಚಿತ್ರದ ಪಕ್ಕದಲ್ಲಿ ಮಸುಕಾದ ಇನ್ನೊಂದು ಚಿತ್ರ ಮೂಡಿಸುತ್ತಿತ್ತು.

ಡಿಜಿಟಲ್‌ನಲ್ಲಿ ಏರಿಳಿತವನ್ನು ಅಳೆದು, ಆ ಅಳತೆಗಳನ್ನು ಒಂದು ಮತ್ತು ಸೊನ್ನೆಗಳಾಗಿ ಬರೆದು ಕಳಿಸುತ್ತಾರೆ. ಮಸಿ ಚೆಲ್ಲಿದ ಹಾಳೆಯಲ್ಲೂ ಒಂದು ಗುರುತು ಒಂದೋ ಸೊನ್ನೆಯೋ ಎಂದು ಹೇಗೆ ಹೇಳಬಹುದೋ ಹಾಗೆ, ಗದ್ದಲ ಸೇರಿದ ಸಂಕೇತದಿಂದಲೂ ಸೆಟ್ ಮೂಲ ಅಂಕಿಗಳನ್ನು ಮರಳಿ ಪಡೆಯುತ್ತದೆ. ಸಾಲದ್ದಕ್ಕೆ, ಲೆಕ್ಕ ಹಾಕಿ ಸೇರಿಸಿದ ಹೆಚ್ಚುವರಿ ಅಂಕಿಗಳೂ ಜೊತೆಗೆ ಬರುತ್ತವೆ. ನಡುವೆ ಕೆಲವು ಕಳೆದುಹೋದರೆ ಉಳಿದವುಗಳಿಂದ ಅವನ್ನು ಲೆಕ್ಕ ಮಾಡಿ ತುಂಬಿಸಿಕೊಳ್ಳಬಹುದು.

ಇಷ್ಟರಿಂದಲೇ ಜಾಗ ಉಳಿಯುತ್ತದೆ ಎಂದುಕೊಂಡರೆ ತಪ್ಪು. ಸ್ಟುಡಿಯೊದಲ್ಲಿ ಸಾಧಾರಣ ಗುಣಮಟ್ಟದ ಟಿವಿ ಚಿತ್ರದ ಡಿಜಿಟಲ್ ರೂಪಕ್ಕೆ ಸೆಕೆಂಡಿಗೆ 270 ಮೆಗಾಬಿಟ್, ಅಂದರೆ 27 ಕೋಟಿ ಒಂದು-ಸೊನ್ನೆಗಳು ಬೇಕು. ಯುರೋಪಿನ ಡಿವಿಬಿ-ಟಿ ಎಂಬ ಡಿಜಿಟಲ್ ಟಿವಿ ಪದ್ಧತಿಯಲ್ಲಿ 8 ಮೆಗಾಹರ್ಟ್ಸ್‌ನ ಒಂದು ಟಿವಿ ಚಾನೆಲ್ ಜಾಗ ಹೊರುವುದು ಸುಮಾರು 24 ಮೆಗಾಬಿಟ್. ಅಂದರೆ ಹಾಗೇ ಕಳಿಸಿದರೆ ಡಿಜಿಟಲ್ ಚಿತ್ರ ಅನಲಾಗ್‌ಗಿಂತ ಹೆಚ್ಚು ಜಾಗ ತಿನ್ನುತ್ತದೆ! ಜಾಗ ಉಳಿಸಿದ್ದು ಎಂಪೆಗ್‌ನಂಥ ಸಂಕುಚನ ವಿಧಾನಗಳು. ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಬದಲಾಗದ ಭಾಗವನ್ನು ಮತ್ತೆ ಕಳಿಸಬೇಕಿಲ್ಲ, ಚಲಿಸಿದ ಭಾಗ ಎತ್ತ ಸರಿಯಿತೆಂದು ಹೇಳಿದರೆ ಸಾಕು, ಕಣ್ಣು ಗುರುತಿಸದ ಸೂಕ್ಷ್ಮಗಳನ್ನು ಬಿಟ್ಟರೂ ನಡೆಯುತ್ತದೆ. ಹೀಗೆ 270 ಮೆಗಾಬಿಟ್ಟನ್ನು ನಾಲ್ಕಕ್ಕೋ ಐದಕ್ಕೋ ಇಳಿಸಿದ ಮೇಲೆ, ಮೊದಲು ಒಂದೇ ವಾಹಿನಿ ಇದ್ದ ಜಾಗದಲ್ಲಿ ಐದಾರು ವಾಹಿನಿಗಳು ಹಿಡಿಸಿದವು. ಹೀಗೆ ಒಟ್ಟುಗೂಡಿಸಿ ಕಳಿಸುವ ಕಂತೆಗೆ ಮಲ್ಟಿಪ್ಲೆಕ್ಸ್ ಎನ್ನುತ್ತಾರೆ.

ಇನ್ನೊಂದು ಉಳಿತಾಯ ನನಗೆ ಇನ್ನೂ ಸೊಗಸಾಗಿ ಕಾಣುತ್ತದೆ. ಡಿವಿಬಿ-ಟಿ ತನ್ನ ಅಂಕಿಗಳನ್ನು ಒಂದೇ ವೇಗದ ಪ್ರವಾಹವಾಗಿ ಕಳಿಸುವುದಿಲ್ಲ. ಒತ್ತೊತ್ತಾಗಿ ನಿಂತ 1705 ಅಥವಾ 6817 ನಿಧಾನಗತಿಯ ವಾಹಕ ಅಲೆಗಳಿಗೆ ಹಂಚುತ್ತದೆ. ಪ್ರತಿ ಅಲೆಯೂ ನಿಧಾನವಾಗಿರುವುದರಿಂದ, ಒಂದು ಅಂಕಿಗೂ ಇನ್ನೊಂದಕ್ಕೂ ನಡುವೆ ಕಾಯುವ ಚಿಕ್ಕ ಬಿಡುವು ಇಡಬಹುದು. ಪ್ರತಿಫಲಿಸಿ ತಡವಾಗಿ ಬಂದ ಅಲೆ ಆ ಬಿಡುವಿನೊಳಗೆ ಬಂದರೆ ತೊಂದರೆ ಕೊಡುವುದಿಲ್ಲ. ಹಾಗಾದರೆ ದೂರದ ಇನ್ನೊಂದು ಟ್ರಾನ್ಸ್‌ಮಿಟರಿನಿಂದ ಅದೇ ತರಂಗಾಂತರದಲ್ಲಿ ಬಂದ ಅದೇ ಕಾರ್ಯಕ್ರಮವೂ ಒಂದು ಪ್ರತಿಫಲನದಂತೆಯೇ ಅಲ್ಲವೇ? ಹೌದು. ಅನಲಾಗ್‌ನಲ್ಲಿ ಅಕ್ಕಪಕ್ಕದ ಟ್ರಾನ್ಸ್‌ಮಿಟರುಗಳು ಒಂದಕ್ಕೊಂದು ಅಡ್ಡಬರದಂತೆ ಬೇರೆಬೇರೆ ತರಂಗಾಂತರ ಕೊಡಲೇಬೇಕಿತ್ತು. ಈಗ ಇಡೀ ಪ್ರದೇಶದ ಟ್ರಾನ್ಸ್‌ಮಿಟರುಗಳು ಒಂದೇ ತರಂಗಾಂತರದಲ್ಲಿ ಕೆಲಸ ಮಾಡಬಹುದು.

ಹೀಗೆ ಖಾಲಿಯಾದ ಜಾಗಕ್ಕೆ ಡಿಜಿಟಲ್ ಡಿವಿಡೆಂಡ್ ಎಂಬ ಹೆಸರು ಬಂತು. ಯುರೋಪಿನಲ್ಲಿ 790ರಿಂದ 862 ಮೆಗಾಹರ್ಟ್ಸ್, ಅಮೆರಿಕದಲ್ಲಿ 698ರಿಂದ 806 ಮೆಗಾಹರ್ಟ್ಸ್ ಟಿವಿಯ ಕೈಬಿಟ್ಟಿತು. ಬಹಳ ದೂರ ಹೋಗುವ, ಗೋಡೆ ದಾಟಿ ಮನೆಯೊಳಗೂ ತಲುಪುವ ಅಲೆಗಳಿವು. ಮೊಬೈಲ್ ಕಂಪನಿಗಳಿಗೆ ಬೇಕಾದದ್ದೂ ಇವೇ. 2008ರಲ್ಲಿ ಅಮೆರಿಕ ನಡೆಸಿದ ಹರಾಜಿನಲ್ಲಿ ಸುಮಾರು 19 ಬಿಲಿಯನ್ ಡಾಲರ್ ಬಂತು. ಸರ್ಕಾರಗಳು ಗಡುವು ಹಾಕಿ ಅನಲಾಗ್ ಟಿವಿ ನಿಲ್ಲಿಸಿದ್ದರ ಹಿಂದಿನ ಒತ್ತಡ ಇದರಿಂದ ಅರ್ಥವಾಗುತ್ತದೆ.

ಅನಲಾಗ್ ಟಿವಿ ಪ್ರಸಾರವನ್ನು ಪೂರ್ತಿಯಾಗಿ ಮೊದಲು ನಿಲ್ಲಿಸಿದ ದೇಶ ಲಕ್ಸೆಂಬರ್ಗ್, 2006ರ ಸೆಪ್ಟೆಂಬರಿನಲ್ಲಿ. ಅದೇ ವರ್ಷ ಜಿನೀವಾದಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದ ಯುರೋಪ್, ಆಫ್ರಿಕಾ, ಪಶ್ಚಿಮ ಏಷ್ಯಾದ ದೇಶಗಳಿಗೆ 2015ರ ಜೂನ್ 17ನ್ನು ಮುಖ್ಯ ಗಡುವಾಗಿ ಇಟ್ಟಿತು. ಬ್ರಿಟನ್ 2007ರಲ್ಲಿ ವೈಟ್‌ಹೇವನ್ ಪಟ್ಟಣದಿಂದ ಶುರುಮಾಡಿ, ಪ್ರದೇಶದಿಂದ ಪ್ರದೇಶಕ್ಕೆ ಸಾಗಿ 2012ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಮುಗಿಸಿತು. ಅಮೆರಿಕದ್ದು ಬೇರೆ ದಾರಿ: ದೊಡ್ಡ ಕೇಂದ್ರಗಳಿಗೆಲ್ಲ ಒಂದೇ ದಿನ. ಹಳೆಯ ಸೆಟ್ಟಿಗೆ ಜೋಡಿಸುವ ಪರಿವರ್ತಕ ಪೆಟ್ಟಿಗೆ ಕೊಳ್ಳಲು ಮನೆಮನೆಗೆ 40 ಡಾಲರಿನ ಕೂಪನ್ ಕೊಡುವ ಯೋಜನೆಯ ಹಣ ಸಾಲದೆ ಜನ ಸರದಿಯಲ್ಲಿ ಕಾಯುವಂತಾಯಿತು. ಆಗ 2009ರ ಫೆಬ್ರವರಿ 17ರ ಗಡುವನ್ನು ಜೂನ್ 12ಕ್ಕೆ ಮುಂದೂಡಿದರು. ಜಪಾನ್ 2011ರ ಜುಲೈ 24ರಂದು ನಿಲ್ಲಿಸಿತು. ಆದರೆ ಆ ವರ್ಷದ ಭೂಕಂಪ, ಸುನಾಮಿಯಿಂದ ನೊಂದ ಇವಾಟೆ, ಮಿಯಾಗಿ, ಫುಕುಶಿಮಾ ಪ್ರಾಂತ್ಯಗಳಿಗೆ 2012ರ ಮಾರ್ಚ್‌ವರೆಗೆ ಕಾಲಾವಕಾಶ ಕೊಟ್ಟಿತು. ಅದು ಸರಿಯಾದ ನಿರ್ಧಾರ.

ಇಲ್ಲೊಂದು ಗೊಂದಲ ಬಿಡಿಸಬೇಕು. ಡಿಜಿಟಲ್ ಅಂದರೆ ಎಚ್‌ಡಿ ಅಲ್ಲ. ಡಿಜಿಟಲ್‌ನಲ್ಲೂ ಸಾಧಾರಣ ಗುಣಮಟ್ಟದ ವಾಹಿನಿಗಳಿವೆ. ಜಪಾನಿನಲ್ಲಿ ಅನಲಾಗ್ ವಿಧಾನದ ಎಚ್‌ಡಿ ಉಪಗ್ರಹ ಪ್ರಸಾರವೂ ಇತ್ತು.

ಈಗ ರೇಡಿಯೊ. ಬಹುತೇಕ ದೇಶಗಳಲ್ಲಿ ಎಫ್‌ಎಂ ಪ್ರಸಾರ ನಡೆಯುವುದು 87.5ರಿಂದ 108 ಮೆಗಾಹರ್ಟ್ಸ್‌ವರೆಗೆ. ಒಟ್ಟು 20.5 ಮೆಗಾಹರ್ಟ್ಸ್, ಮೂರು ಟಿವಿ ಚಾನೆಲ್‌ಗಳಿಗೂ ಸಾಲದಷ್ಟು ಜಾಗ. ಆ ಅಲೆಗಳ ಉದ್ದ ಮೂರು ಮೀಟರಿನ ಆಸುಪಾಸು, ಜೇಬಿನ ಫೋನಿನೊಳಗಿನ ಆಂಟೆನಾಗೆ ಒಗ್ಗುವುದಿಲ್ಲ. ಖಾಲಿ ಮಾಡಿಸಿದರೂ ಟಿವಿ ತರಂಗಾಂತರಕ್ಕೆ ಬಂದಂಥ ಬೆಲೆ ಬರುವುದಿಲ್ಲ. ಇತ್ತ ಕೇಳುಗರಿಗೂ ಅವಸರವಿಲ್ಲ, ಎಫ್‌ಎಂ ದನಿ ಆಗಲೇ ಚೆನ್ನಾಗಿದೆ. ಅಡುಗೆಮನೆಯ ಸೆಟ್, ಕಾರಿನ ಸೆಟ್, ಹಾಸಿಗೆ ಪಕ್ಕದ ಸೆಟ್ ಎಂದು ಒಂದೇ ಮನೆಯಲ್ಲಿ ಹಲವು ರೇಡಿಯೊಗಳಿದ್ದು, ಅವಕ್ಕೆ ಟಿವಿಗೆ ಹಾಕಿದಂತೆ ಒಂದೊಂದು ಪೆಟ್ಟಿಗೆ ಜೋಡಿಸುವುದೂ ಆಗದ ಮಾತು.

ಯುರೋಪಿನ ಡಿಎಬಿ ಎಂಬ ಡಿಜಿಟಲ್ ರೇಡಿಯೊ ಪದ್ಧತಿಯ ಬೇರು 1987ರಲ್ಲಿ ಶುರುವಾದ ಯುರೇಕಾ 147 ಯೋಜನೆಯಲ್ಲಿದೆ. ಸುಮಾರು ಒಂದೂವರೆ ಮೆಗಾಹರ್ಟ್ಸ್‌ನಲ್ಲಿ ಹಲವು ಕೇಂದ್ರಗಳನ್ನು ಕಂತೆಯಾಗಿ ಕಳಿಸುತ್ತದೆ. ಆದರೆ ಅದರ ಸಂಕುಚನ ವಿಧಾನ ಹಳತಾಗಿ 2007ರಲ್ಲಿ ಡಿಎಬಿ ಪ್ಲಸ್ ಬಂದಾಗ, ಮೊದಲು ನಂಬಿ ಕೊಂಡವರ ಹಲವು ಸೆಟ್ಟುಗಳಿಗೆ ಹೊಸ ಪ್ರಸಾರ ಕೇಳಿಸಲೇ ಇಲ್ಲ. ರಾಷ್ಟ್ರೀಯ ಕೇಂದ್ರಗಳನ್ನು ಎಫ್‌ಎಂನಿಂದ ಪೂರ್ತಿ ತೆಗೆದ ಮೊದಲ ದೇಶ ನಾರ್ವೆ, 2017ರಲ್ಲಿ. ಅಲ್ಲೂ ಹಲವು ಸ್ಥಳೀಯ ಕೇಂದ್ರಗಳು ಎಫ್‌ಎಂನಲ್ಲೇ ಉಳಿದವು. ಮೀಡಿಯಂ ವೇವ್, ಶಾರ್ಟ್ ವೇವ್‌ಗಳಿಗಾಗಿ ರೂಪಿಸಿದ ಡಿಆರ್‌ಎಂ ಎಂಬ ಡಿಜಿಟಲ್ ಪದ್ಧತಿಯನ್ನು ಆಕಾಶವಾಣಿಯೂ ಅಳವಡಿಸಿಕೊಂಡಿದೆ.

ಕಳೆದುಕೊಂಡದ್ದನ್ನೂ ಹೇಳಲೇಬೇಕು. ಅನಲಾಗ್ ಸಂಕೇತ ನಿಧಾನವಾಗಿ ಕೆಡುತ್ತದೆ, ಗೊರಗೊರ ಸದ್ದಿನ ನಡುವೆಯೂ ಮಾತು ತಿಳಿಯುತ್ತದೆ. ಡಿಜಿಟಲ್ ಕೊನೆಯವರೆಗೂ ಶುದ್ಧವಾಗಿದ್ದು, ತಪ್ಪು ತಿದ್ದುವ ಶಕ್ತಿ ಮುಗಿದ ಕೂಡಲೇ ಚಿತ್ರ ಚೌಕಚೌಕವಾಗಿ ಒಡೆದು ಪರದೆ ಕಪ್ಪಾಗುತ್ತದೆ. ಸಂಕುಚನಕ್ಕೆ, ಬಿಡಿಸುವುದಕ್ಕೆ ಹೊತ್ತು ಹಿಡಿಯುವುದರಿಂದ ಸಮಯ ಸಾರುವ ‘ಪಿಪ್’ ಸದ್ದು ಕೂಡ ಕೆಲವು ಸೆಕೆಂಡು ತಡವಾಗಿ ಬರುತ್ತದೆ. ಬಿರುಗಾಳಿ, ನೆರೆಯ ಹೊತ್ತಿನಲ್ಲಿ ಟ್ರಾನ್ಸ್‌ಮಿಟರಿನಿಂದ ದೂರವಿರುವವರಿಗೆ ಅಸ್ಪಷ್ಟ ದನಿಗೂ ಮೌನಕ್ಕೂ ಇರುವ ಅಂತರ ಸಣ್ಣದಲ್ಲ. ರೇಡಿಯೊ ವಿಷಯದಲ್ಲಿ ಗಡುವಿನ ಅವಸರ ಬೇಡವೆಂದು ನಾನು ವಾದಿಸುವುದು ಇದೇ ಕಾರಣಕ್ಕೆ. ಅಮೆರಿಕದ ಎಚ್‌ಡಿ ರೇಡಿಯೊ ಈ ನಿಟ್ಟಿನಲ್ಲಿ ಒಂದು ನಡುದಾರಿ: ಹಳೆಯ ಎಫ್‌ಎಂ ಅಲೆಯ ಎರಡೂ ಬದಿಗೆ ಡಿಜಿಟಲ್ ಸಂಕೇತ ಸೇರಿಸುತ್ತದೆ, ಅದು ಕಡಿದರೆ ಸೆಟ್ ತಾನಾಗಿಯೇ ಅನಲಾಗ್ ದನಿಗೆ ಮರಳುತ್ತದೆ. ಜಾಗ ಮಾತ್ರ ಖಾಲಿಯಾಗುವುದಿಲ್ಲ.